ದೇಹದ ಆಕಾರವೂ ಅಂಗಾಂಶಗಳ ಗುಣವೂ

ಕುಂಬಾರನು ಮಡಕೆಯನ್ನು ಮಾಡಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಅವನ ಮನಸ್ಸಿನಲ್ಲಿರುವ ರೂಪ, ಅವನ ಕೈಯ ನೈಪುಣ್ಯ ಮತ್ತು ಮಣ್ಣಿನ ಹದ. ಮಣ್ಣಿನಲ್ಲಿ ಮರಳು ಹೆಚ್ಚಿದ್ದರೆ ಎಷ್ಟು ನುರಿತ ಕೈಯಾದರೂ ಮಡಕೆಯು ಬಿರಿಯುವುದು. ನೀರು ಹೆಚ್ಚಾದರೆ ಕುಸಿಯುವುದು. ಪ್ರಾಣಿಯ ದೇಹವಾದರೋ ಕುಂಬಾರನ ಕೈಯಿಲ್ಲದೆಯೇ ರೂಪುಗೊಳ್ಳುತ್ತದೆ. ಕಾವಿಗಿಟ್ಟ ಕೋಳಿಮೊಟ್ಟೆಯಲ್ಲಿ ಮೊದಲು ಕಾಣುವುದು ಹಳದಿಯ ಮೇಲಿನ ಒಂದು ಬಿಳಿಯ ಚುಕ್ಕೆ ಮಾತ್ರ. ಎರಡನೆಯ ದಿನ ಮುಗಿಯುವ ವೇಳೆಗೆ ಅದರಲ್ಲಿ ಹೃದಯವು ಮಿಡಿಯುತ್ತಿರುತ್ತದೆ. 21 ದಿನಗಳಾದ ಮೇಲೆ ಕಣ್ಣು, ಕೊಕ್ಕು, ಕಾಲು, ಪುಕ್ಕಗಳುಳ್ಳ ಮರಿಯು ಚಿಪ್ಪನ್ನು ಒಡೆದು ಹೊರಗೆ ಬರುತ್ತದೆ. ಒಳಗೆ ಅಚ್ಚಿಲ್ಲ, ತಿಗರಿಯಿಲ್ಲ. ಹೀಗಿರುವಲ್ಲಿ ಆ ಮರಿಗೆ ರೂಪವನ್ನು ಕೊಟ್ಟವರಾರು?

‘ಅನುವಂಶಿಕತೆ’ ಎಂದು ನಮ್ಮ ವಿದ್ಯಾರ್ಥಿಗಳು ಕೂಡಲೇ ಉತ್ತರ ಹೇಳುವರು. ಆ ಉತ್ತರವು ಸರಿಯಾದುದೇ. ತಂದೆತಾಯಿಗಳಿಂದ ಬಂದ ವಂಶವಾಹಿಗಳು ಪ್ರತಿಯೊಂದು ಜೀವಕೋಶದಲ್ಲಿಯೂ ಇರುತ್ತವೆ. ಯಾವ ಪ್ರೋಟೀನು ಯಾವಾಗ, ಎಷ್ಟು ತಯಾರಾಗಬೇಕೆಂಬುದು ಅವುಗಳನ್ನು ಅವಲಂಬಿಸಿದೆ. ಆದರೆ ಈ ಉತ್ತರವು ಪೂರ್ಣವಾದುದಲ್ಲ. ಕರುಳು ಇಲ್ಲಿ ಬಾಗಲಿ, ಅಲ್ಲಿ ಸುತ್ತಿಕೊಳ್ಳಲಿ ಎಂಬ ನಕ್ಷೆಯು ಯಾವ ವಂಶವಾಹಿಯಲ್ಲಿಯೂ ಬರೆದಿರುವುದಿಲ್ಲ. ಪ್ರೋಟೀನಿಗೂ ಆಕಾರಕ್ಕೂ ನಡುವೆ ಇನ್ನೊಂದು ಮೆಟ್ಟಿಲುಂಟು. ಅದೇ ಅಂಗಾಂಶ, ಎಂದರೆ ಒಂದು ಬಗೆಯ ಕೆಲಸಕ್ಕಾಗಿ ಕೂಡಿಕೊಂಡಿರುವ ಜೀವಕೋಶಗಳ ಸಮೂಹ. ಮಣ್ಣಿನಂತೆಯೂ ಬಟ್ಟೆಯಂತೆಯೂ ಅಂಗಾಂಶವು ಒಂದು ದ್ರವ್ಯವೇ ಆಗಿದೆ. ಅದು ಅಂಟುತ್ತದೆ, ಹಿಗ್ಗುತ್ತದೆ, ಮಡಿಚಿಕೊಳ್ಳುತ್ತದೆ, ಬಿಗಿಯುತ್ತದೆ, ಬಿರುಸಾಗುತ್ತದೆ. ಈ ಭೌತಿಕ ಗುಣಗಳು ಪ್ರಾಣಿಗಳ ಬೆಳವಣಿಗೆಯನ್ನೂ ವಿಕಾಸವನ್ನೂ ಹೇಗೆ ತಿದ್ದುತ್ತವೆಂಬುದನ್ನು, ನಮ್ಮ ರಾಯದುರ್ಗ ಮಡಕಶಿರಗಳ ಕಡೆಯಲ್ಲಿ ಎಲ್ಲರೂ ಕಂಡಿರುವ ವಸ್ತುಗಳ ಸಹಾಯದಿಂದಲೇ ಇಲ್ಲಿ ವಿವರಿಸಲು ಯತ್ನಿಸುವೆವು.

ಅಂಟಿನ ಗುಣ

ಒಂದು ಲೋಟ ನೀರಿಗೆ ಒಂದು ಚಮಚ ಕಡಲೆಕಾಯಿ ಎಣ್ಣೆಯನ್ನು ಹಾಕಿ ಚೆನ್ನಾಗಿ ಕಲಕಿರಿ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಎಣ್ಣೆಯ ಸಣ್ಣ ಹನಿಗಳು ಒಂದನ್ನೊಂದು ಕೂಡಿಕೊಂಡು ದೊಡ್ಡ ಹನಿಗಳಾಗುವುದನ್ನು ನೋಡುವಿರಿ. ಎಣ್ಣೆಯ ಕಣಗಳಿಗೆ ನೀರಿಗಿಂತ ತಮ್ಮ ತಮ್ಮಲ್ಲಿಯೇ ಸೆಳೆತ ಹೆಚ್ಚು. ಅವುಗಳನ್ನು ಬೇರ್ಪಡಿಸಲು ಯಾರ ಕೈಯೂ ಬೇಡ.

ಜೀವಕೋಶಗಳೂ ಹೀಗೆಯೇ ನಡೆದುಕೊಳ್ಳುವುವೆಂಬುದನ್ನು ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಎಂಬ ವಿಜ್ಞಾನಿಗಳು 1955ರಲ್ಲಿ ತೋರಿಸಿದರು. ಕಪ್ಪೆಯ ಜಾತಿಗೆ ಹತ್ತಿರವಾದ ಉಭಯಚರಗಳ ಭ್ರೂಣದಿಂದ ಚರ್ಮವಾಗತಕ್ಕ ಕೋಶಗಳನ್ನೂ ನರವಾಗತಕ್ಕ ಕೋಶಗಳನ್ನೂ ತೆಗೆದು, ಒಂದೊಂದಾಗಿ ಬಿಡಿಸಿ, ಬೆರಸಿಟ್ಟರು. ಕೆಲವು ಕಾಲದಲ್ಲಿ ಅವು ತಾವಾಗಿಯೇ ವಿಂಗಡವಾದುವು: ಚರ್ಮದ ಕೋಶಗಳು ಹೊರಗೂ ನರದ ಕೋಶಗಳು ಒಳಗೂ ಸೇರಿಕೊಂಡುವು. ಇಡೀ ದೇಹದಲ್ಲಿ ಅವುಗಳಿಗಿರುವ ಸ್ಥಾನವೂ ಅದೇ ಅಲ್ಲವೇ? ಮುಂದೆ 1963ರಲ್ಲಿ ಮಾಲ್ಕಮ್ ಸ್ಟೈನ್‌ಬರ್ಗ್ ಎಂಬವರು ಇದಕ್ಕೆ ಕಾರಣವನ್ನು ಸೂಚಿಸಿದರು. ಕೋಶಗಳ ಪರಸ್ಪರ ಅಂಟು ಒಂದೇ ಸಮನಾಗಿಲ್ಲ; ಹೆಚ್ಚು ಬಲವಾಗಿ ಅಂಟಿಕೊಳ್ಳುವುವು ಒಳಗೆ ಗುಂಡಾಗಿ ಕೂಡಿಕೊಳ್ಳುವುವು, ಕಡಮೆ ಅಂಟುಳ್ಳವು ಅವನ್ನು ಹೊರಗಿನಿಂದ ಸುತ್ತುವುವು ಎಂಬುದೇ ಆ ಕಾರಣ. ಕೋಶದ ಮೇಲ್ಮೈಯಲ್ಲಿರುವ ಕ್ಯಾಡ್ಹೆರಿನ್ ಎಂಬ ಪ್ರೋಟೀನುಗಳು ಈ ಅಂಟಿನ ಕೆಲಸವನ್ನು ಮಾಡುತ್ತವೆಂದು ಅನಂತರ ತಿಳಿದುಬಂದಿತು. ಇಲ್ಲಿ ವಂಶವಾಹಿಯ ಪಾಲು ಯಾವುದು, ದ್ರವ್ಯಗುಣದ ಪಾಲು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಅಂಟನ್ನು ಒದಗಿಸುವುದು ವಂಶವಾಹಿ; ಅಂಟಿದ ಮೇಲೆ ಒಳಗು ಹೊರಗುಗಳನ್ನು ಏರ್ಪಡಿಸುವುದು ದ್ರವ್ಯದ ನಿಯಮ.

ಮಡಿಕೆಯ ಗುಣ

ರಾಯದುರ್ಗದಲ್ಲಿ ಜೀನ್ಸ್ ಮೊದಲಾದ ಸಿದ್ಧ ಉಡುಪುಗಳ ಹೊಲಿಗೆಯಿಂದ ಜೀವನ ಸಾಗಿಸುವ ಕುಟುಂಬಗಳು ಅನೇಕ. ಆ ಮನೆಗಳ ಮಕ್ಕಳಿಗೆ ಮುಂದಿನ ಸಂಗತಿಯು ಸುಲಭವಾಗಿ ಅರ್ಥವಾಗುವುದು. ಲಂಗದ ಸೊಂಟಕ್ಕೆ ಇಲಾಸ್ಟಿಕ್ ಪಟ್ಟಿಯನ್ನು ಹೊಲಿಯುವಾಗ ಪಟ್ಟಿಯನ್ನು ಎಳೆದು ಹಿಡಿದಿರುತ್ತಾರೆ. ಹೊಲಿಗೆ ಮುಗಿದು ಕೈಬಿಟ್ಟೊಡನೆ ಪಟ್ಟಿಯು ಕುಗ್ಗುತ್ತದೆ. ಬಟ್ಟೆಯು ಕುಗ್ಗಲಾರದು, ಆದುದರಿಂದ ಅದು ನಿರಿಗೆಗಟ್ಟುತ್ತದೆ. ನಿರಿಗೆಗಳನ್ನು ಒಂದೊಂದಾಗಿ ಯಾರೂ ಮಡಿಚುವುದಿಲ್ಲ. ಬಟ್ಟೆ ದಪ್ಪವಾಗಿದ್ದರೆ ನಿರಿಗೆ ದೊಡ್ಡದು, ಸಂಖ್ಯೆ ಕಡಮೆ. ತೆಳುವಾಗಿದ್ದರೆ ನಿರಿಗೆ ಚಿಕ್ಕದು, ಸಂಖ್ಯೆ ಹೆಚ್ಚು.

ನಮ್ಮ ಹೊಟ್ಟೆಯೊಳಗಿನ ಕರುಳು ಸುತ್ತಿಕೊಂಡಿರುವುದೂ ಇದೇ ರೀತಿಯಿಂದ. ಕುರಿಯ ಬೋಟಿಯನ್ನು ಶುದ್ಧಮಾಡುವುದನ್ನು ಕಂಡವರಿಗೆ, ಕರುಳಿನ ಒಂದು ಅಂಚಿನುದ್ದಕ್ಕೂ ತೆಳುವಾದ ಪೊರೆಯೊಂದು ಅಂಟಿಕೊಂಡಿರುವುದು ಗೊತ್ತುಂಟು. ಭ್ರೂಣದಲ್ಲಿ ಕರುಳಿನ ನಳಿಗೆಯು ಬೇಗ ಬೇಗ ಉದ್ದವಾಗುತ್ತದೆ, ಪೊರೆಯಾದರೋ ನಿಧಾನವಾಗಿ ಬೆಳೆಯುತ್ತದೆ. ಎಳೆದ ಇಲಾಸ್ಟಿಕ್ ಪಟ್ಟಿಯಂತೆ ಪೊರೆಯು ನಳಿಗೆಯನ್ನು ಹಿಡಿದೆಳೆಯುವುದರಿಂದ ನಳಿಗೆಯು ಬಾಗಿ ಸುರುಳಿಗಳಾಗುತ್ತದೆ. 2011ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪ್ರಯೋಗದಿಂದ ಸಿದ್ಧಪಡಿಸಿದರು. ಮದ್ರಾಸಿನ ಐ.ಐ.ಟಿ.ಯಲ್ಲಿ ವಿದ್ಯಾಭ್ಯಾಸ ಮಾಡಿದ ಎಲ್. ಮಹಾದೇವನ್ ಅವರೂ ಈ ತಂಡದಲ್ಲಿದ್ದರು. ಕೋಳಿಯ ಭ್ರೂಣದಲ್ಲಿ ಪೊರೆಯನ್ನು ಕತ್ತರಿಸಿ ಬೇರ್ಪಡಿಸಿದಾಗ ಸುತ್ತಿಕೊಂಡಿದ್ದ ಕರುಳು ನೆಟ್ಟಗಾಯಿತು. ಅಷ್ಟೇ ಅಲ್ಲದೆ, ಎಳೆದು ಹಿಡಿದ ರಬ್ಬರ್ ಹಾಳೆಗೆ ರಬ್ಬರ್ ನಳಿಗೆಯನ್ನು ಹೊಲಿದು ಕೈಬಿಟ್ಟಾಗ ಅದು ಕರುಳಿನಂತೆಯೇ ಸುರುಳಿಗಟ್ಟಿತು. ಜೀವವಿಲ್ಲದ ರಬ್ಬರಿಗೂ ಜೀವವುಳ್ಳ ಕರುಳಿಗೂ ನಿಯಮ ಒಂದೇ ಎಂದಾಯಿತು. ಭ್ರೂಣದ ಆಕಾರವನ್ನು ಬಾಗುವ ರಬ್ಬರ್ ನಳಿಗೆಗೆ ಹೋಲಿಸಿ ಜರ್ಮನ್ ಭಾಷೆಯಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ಪಂಡಿತರು 1874ರಷ್ಟು ಹಿಂದೆಯೇ ಬರೆದಿದ್ದರು. 1917ರಲ್ಲಿ ಡಾರ್ಸಿ ಥಾಂಪ್ಸನ್ ಅವರು ಬೆಳವಣಿಗೆ ಮತ್ತು ಆಕಾರಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ರಚಿಸಿ, ಪ್ರಾಣಿಗಳ ರೂಪದಲ್ಲಿ ಬಲಗಳ ಕೈವಾಡವನ್ನು ವಿವರಿಸಿದರು. ಅವರ ಮಾತನ್ನು ಅಳೆದು ತೋರಿಸುವ ಸಾಧನಗಳು ದೊರೆತುದು ಮಾತ್ರ ಈಚೆಗೆ.

ಮಡಿಕೆಯ ಇನ್ನೊಂದು ಉದಾಹರಣೆಯು ತಂದೆತಾಯಿಗಳೆಲ್ಲರೂ ತಿಳಿದಿರಬೇಕಾದುದು. ನಮ್ಮ ಮೆದುಳು ಮತ್ತು ಬೆನ್ನುಹುರಿಗಳು ಮೊದಲು ವೀಳ್ಯದೆಲೆಯಂತೆ ಚಪ್ಪಟೆಯಾದ ಒಂದು ಹಾಳೆಯಾಗಿರುತ್ತವೆ. ಹಾಳೆಯಲ್ಲಿನ ಕೆಲವು ಕೋಶಗಳು ಒಂದು ತುದಿಯಲ್ಲಿ ಸಂಕುಚಿತವಾಗಿ ಬೆಣೆಯ ಆಕಾರವನ್ನು ತಾಳುವುದರಿಂದ ಹಾಳೆಯು ಬಾಗುತ್ತದೆ. ಎರಡು ಅಂಚುಗಳೂ ಮೇಲೆದ್ದು ಕೂಡಿಕೊಂಡು ನಳಿಗೆಯಾಗುತ್ತದೆ. ಮನುಷ್ಯನ ಭ್ರೂಣದಲ್ಲಿ ಈ ಕೆಲಸವು ಸುಮಾರು 28 ದಿನಗಳಲ್ಲಿಯೇ ಮುಗಿದುಹೋಗುತ್ತದೆ. ತಾನು ಗರ್ಭಿಣಿಯೆಂಬುದು ತಾಯಿಗೆ ಎಷ್ಟೋ ವೇಳೆ ಆಗ ತಿಳಿದೇ ಇರುವುದಿಲ್ಲ. ಅಂಚುಗಳು ಪೂರ್ತಿಯಾಗಿ ಕೂಡದಿದ್ದರೆ ಮಗುವಿನ ಬೆನ್ನುಹುರಿಯಲ್ಲಿ ತೀವ್ರವಾದ ದೋಷ ಉಂಟಾಗುವುದು. ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲಿನಿಂದಲೇ ಸೇವಿಸಿದರೆ ಈ ದೋಷಗಳಲ್ಲಿ ಹೆಚ್ಚಿನವನ್ನು ತಡೆಯಬಹುದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಪರೀಕ್ಷೆಯಿಂದ ಸ್ಥಿರಪಟ್ಟಿತು. ಸೊಪ್ಪು ಮತ್ತು ಕಾಳುಗಳಲ್ಲಿ ಈ ಸತ್ವವುಂಟು. ಮಾತ್ರೆಯನ್ನು ವೈದ್ಯರ ಸಲಹೆಯಂತೆ ಸೇವಿಸಬೇಕು.

ಬಿರುಸು ಮತ್ತು ಚಲನೆ

ಅಂಗಾಂಶಗಳಲ್ಲಿ ಮೆದುಳು ಬಹು ಮೃದು, ಸ್ನಾಯುವು ಅದಕ್ಕಿಂತ ಬಿಗಿ, ಮೂಳೆಯು ಗಡುಸು. ಈ ವ್ಯತ್ಯಾಸವು ಬೆಳವಣಿಗೆಯ ಫಲ ಮಾತ್ರವೆಂದು ಬಹುಕಾಲ ಭಾವಿಸಿದ್ದರು. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೂಳೆಯ ಮಜ್ಜೆಯಿಂದ ತೆಗೆದ, ಇನ್ನೂ ಯಾವ ವೃತ್ತಿಯನ್ನೂ ಹಿಡಿಯದ ಮೂಲಕೋಶಗಳನ್ನು ಬೇರೆ ಬೇರೆ ಬಿರುಸಿನ ಲೋಳೆಗಳ ಮೇಲೆ ಬೆಳೆಸಿದರು. ಮೆದುಳಿನಷ್ಟು ಮೃದುವಾದ ಲೋಳೆಯ ಮೇಲೆ ಕೋಶಗಳು ನರಕೋಶಗಳ ಲಕ್ಷಣವನ್ನು ತಾಳಿದುವು. ಸ್ನಾಯುವಿನಷ್ಟು ಬಿಗಿಯಾದುದರ ಮೇಲೆ ಸ್ನಾಯುವಿನ ಲಕ್ಷಣವನ್ನೂ, ಇನ್ನೂ ಬಿರುಸಾದುದರ ಮೇಲೆ ಮೂಳೆಯ ಲಕ್ಷಣವನ್ನೂ ತೋರಿದುವು. ಕೋಶಗಳು ತಮ್ಮ ನೆಲವನ್ನು ಎಳೆದು ನೋಡಿ, ಅದರ ಬಿರುಸನ್ನು ಅರಿತು, ತಮ್ಮ ವಂಶವಾಹಿಗಳ ಕೆಲಸವನ್ನೇ ಬದಲಾಯಿಸಿಕೊಳ್ಳುವುವು. ಆದುದರಿಂದ ಬಿರುಸು ಬೆಳವಣಿಗೆಯ ಫಲವೂ ಹೌದು, ಕಾರಣವೂ ಹೌದು.

ಚಲನೆಯ ಪ್ರಭಾವವೂ ಕಡಮೆಯಾದುದಲ್ಲ. ಮೊಟ್ಟೆಯೊಳಗಿನ ಮರಿಯು ಕಾಲನ್ನು ಒದೆಯುತ್ತ, ಮಡಿಚುತ್ತ ಇರುತ್ತದೆ. 1966ರಲ್ಲಿ ಪ್ರಕಟವಾದ ಡ್ರಾಖ್‌ಮನ್ ಮತ್ತು ಸೊಕೊಲೊಫ್ ಎಂಬವರ ಪ್ರಯೋಗದಲ್ಲಿ, ಔಷಧದಿಂದ ಈ ಚಲನೆಯನ್ನು ನಿಲ್ಲಿಸಿದ ಕೋಳಿಭ್ರೂಣಗಳಲ್ಲಿ ಕೀಲುಗಳು ಸರಿಯಾಗಿ ಆಗಲಿಲ್ಲ. ಎಲುಬಿಗೂ ಎಲುಬಿಗೂ ನಡುವೆ ಸಂದು ಏರ್ಪಡದೆ ಅವು ಬೆಸೆದುಕೊಂಡುವು. ವಂಶವಾಹಿಗಳು ಎಲ್ಲವೂ ಇದ್ದುವು. ಇಲ್ಲದಿದ್ದುದು ಒದೆತ ಒಂದೇ.

ಮಡಕಶಿರದ ರೇಷ್ಮೆಹುಳು

ಮಡಕಶಿರದ ಕಡೆಯ ಅನೇಕ ರೈತರು ಹಿಪ್ಪುನೇರಳೆಯನ್ನು ಬೆಳೆದು ರೇಷ್ಮೆಹುಳುವನ್ನು ಸಾಕುತ್ತಾರೆ. ಅಂಗಾಂಶದ ಗುಣವು ಬೆಳವಣಿಗೆಗೆ ಹೇಗೆ ಗಡಿ ಹಾಕುತ್ತದೆಂಬುದಕ್ಕೆ ಈ ಹುಳುವಿಗಿಂತ ಒಳ್ಳೆಯ ಪಾಠವಿಲ್ಲ. ಮೊಟ್ಟೆಯಿಂದ ಹೊರಬಿದ್ದ ಚಾಕಿ ಹುಳುವು ಇರುವೆಯಷ್ಟಿರುತ್ತದೆ; ಸುಮಾರು 25 ದಿನಗಳಲ್ಲಿ ಅದರ ತೂಕವು ಹೆಚ್ಚುಕಡಮೆ 10,000 ಪಟ್ಟು ಹೆಚ್ಚುತ್ತದೆ. ಆದರೆ ಕೀಟಗಳಿಗೆ ಒಳಗೆ ಮೂಳೆಯಿಲ್ಲ. ಕೈಟಿನ್ ಎಂಬ ವಸ್ತುವಿನಿಂದಾದ ಹೊರಪೊರೆಯೇ ಅವುಗಳ ಅಸ್ಥಿಪಂಜರ. ಹುಳುವಿನ ತಲೆಯ ಗಡುಸಾದ ಚಿಪ್ಪು ಒಮ್ಮೆ ಗಟ್ಟಿಯಾದ ಮೇಲೆ ಹಿಗ್ಗಲಾರದು. ಹೀಗಾಗಿ ಹುಳುವು ಮೇವನ್ನು ಬಿಟ್ಟು, ತಲೆಯೆತ್ತಿ ಅಲುಗದೆ ನಿಂತು, ಹಳೆಯ ಪೊರೆಯನ್ನು ಕಳಚಿ, ಹಿಗ್ಗಲು ಎಡೆಯುಳ್ಳ ಹೊಸ ಪೊರೆಯೊಡನೆ ಮತ್ತೆ ತಿನ್ನತೊಡಗುತ್ತದೆ. ರೈತರು ‘ಜ್ವರ’ವೆಂದು ಕರೆಯುವುದು ಇದನ್ನೇ. ಇದು ರೋಗವಲ್ಲ, ಬಿಗಿಯಾದ ಅಂಗಿಯನ್ನು ಬದಲಾಯಿಸುವ ಕೆಲಸ. ಇಂತಹ ನಾಲ್ಕು ಜ್ವರಗಳನ್ನು ದಾಟಿ, ಐದನೆಯ ಹಂತದಲ್ಲಿ ಹುಳುವು ಹಣ್ಣಾಗಿ ಚಂದ್ರಿಕೆಯನ್ನು ಏರುತ್ತದೆ. ಅಲ್ಲಿ ಗೂಡು ಕಟ್ಟುವಾಗಲೂ ಭೌತಿಕ ಗುಣವೇ ಮುಂದು. ಹುಳುವಿನ ಒಳಗೆ ರೇಷ್ಮೆಯು ಅಂಟುಲೋಳೆಯಾಗಿರುತ್ತದೆ. ಹುಳುವು ತಲೆಯನ್ನು ಅತ್ತಿತ್ತ ಆಡಿಸಿ ಎಳೆಯುವಾಗ ಆ ಎಳೆತದ ಬಲದಿಂದ ಪ್ರೋಟೀನಿನ ಅಣುಗಳು ಸಾಲುಗೂಡಿ ಗಟ್ಟಿಯಾದ ನೂಲಾಗುವುವು.

ವಿಕಾಸದ ದಾರಿ

ಇಷ್ಟರವರೆಗೆ ಒಂದು ಪ್ರಾಣಿಯ ಬೆಳವಣಿಗೆಯ ಮಾತಾಯಿತು. ಇನ್ನು ಪ್ರಾಣಿವರ್ಗಗಳ ವಿಕಾಸವನ್ನು ನೋಡೋಣ. ಡಾರ್ವಿನ್ನರು 1859ರಲ್ಲಿ ಪ್ರಕಟಿಸಿದ ಸಿದ್ಧಾಂತದಂತೆ, ಒಂದೇ ಜಾತಿಯ ಪ್ರಾಣಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಬಾಳಿಗೆ ಅನುಕೂಲವಾದುವು ಪೀಳಿಗೆಯಿಂದ ಪೀಳಿಗೆಗೆ ಉಳಿದುಬರುತ್ತವೆ. ಆ ವ್ಯತ್ಯಾಸಗಳು ಯಾವ ಯಾವ ರೂಪವನ್ನು ತಾಳಬಲ್ಲುವು ಎಂಬ ಪ್ರಶ್ನೆಗೆ ಅಂಗಾಂಶಗಳ ಗುಣವು ಉತ್ತರದ ಒಂದು ಭಾಗವನ್ನು ಕೊಡುತ್ತದೆ.

ಕರುಳಿನ ಉದಾಹರಣೆಯನ್ನೇ ಮತ್ತೆ ತೆಗೆದುಕೊಳ್ಳೋಣ. ನಮ್ಮ ಬಯಲುಗಳಲ್ಲಿ ಕುರುಬರು ಮೇಯಿಸುವ ಕುರಿಯ ಕರುಳು ಅದರ ದೇಹದ ಉದ್ದಕ್ಕಿಂತ 20 ಪಟ್ಟಿಗೂ ಹೆಚ್ಚು. ಮಂದೆಯನ್ನು ಕಾಯುವ ನಾಯಿಯ ಕರುಳು ಇದಕ್ಕಿಂತ ಬಹಳ ಗಿಡ್ಡ. ಹುಲ್ಲು ಜೀರ್ಣವಾಗುವುದು ನಿಧಾನವಾದುದರಿಂದ ಹುಲ್ಲುಮೇಯುವ ಪ್ರಾಣಿಗೆ ಉದ್ದವಾದ ಕರುಳು ಬೇಕು. ಅಷ್ಟು ಉದ್ದದ ನಳಿಗೆಯನ್ನು ಹೊಟ್ಟೆಯಲ್ಲಿ ಗಂಟುಬೀಳದಂತೆ ಅಡಕಮಾಡುವುದಕ್ಕೆ ಸುರುಳಿಗೊಂದರಂತೆ ಹೊಸ ವಂಶವಾಹಿಗಳು ಬೇಕಾಗಿದ್ದರೆ ವಿಕಾಸವು ಎಷ್ಟು ಕಷ್ಟವಾಗುತ್ತಿತ್ತು! ಹಾಗೆ ಬೇಕಾಗುವುದಿಲ್ಲ. ನಳಿಗೆಯ ಬೆಳವಣಿಗೆಯ ವೇಗ, ಅದರ ದಪ್ಪ, ಪೊರೆಯ ಬಿಗಿ ಇಷ್ಟು ಬದಲಾದರೆ ಸಾಕು. ಸುತ್ತುವ ಕೆಲಸವನ್ನು ದ್ರವ್ಯದ ನಿಯಮವೇ ನೋಡಿಕೊಳ್ಳುವುದು. ಮೇಲೆ ಹೇಳಿದ 2011ರ ಸಂಶೋಧನೆಯಲ್ಲಿ ಕೋಳಿ, ಲಾವುಗೆ, ಫಿಂಚ್ ಹಕ್ಕಿ ಮತ್ತು ಸಣ್ಣ ಇಲಿ, ಈ ನಾಲ್ಕರ ಕರುಳಿನ ಸುರುಳಿಗಳಿಗೂ ಒಂದೇ ಲೆಕ್ಕವು ಹೊಂದಿಬಂದಿತು.

ಇದಕ್ಕಿಂತಲೂ ಹಿಂದಿನ ಪ್ರಶ್ನೆಯೊಂದುಂಟು. ಒಂದೇ ಕೋಶದ ಜೀವಿಗಳಿಂದ ಅನೇಕ ಕೋಶಗಳ ಜೀವಿಗಳು ಹೇಗೆ ಬಂದುವು? ಪ್ರಾಣಿಗಳಿಗೆ ಅತಿ ಸಮೀಪದ ಬಂಧುಗಳಾದ, ಕೊಯನೊಫ್ಲಾಜಿಲೇಟ್ ಎಂಬ ಏಕಕೋಶ ಜೀವಿಗಳಲ್ಲಿಯೂ ಕ್ಯಾಡ್ಹೆರಿನ್ ಜಾತಿಯ ಪ್ರೋಟೀನುಗಳುಂಟೆಂದು ಈಗ ಗೊತ್ತಾಗಿದೆ. ಎಂದರೆ ಅಂಗಾಂಶವು ಹುಟ್ಟುವ ಮೊದಲೇ ಅಂಟು ಸಿದ್ಧವಾಗಿತ್ತು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನೀರಿನಲ್ಲಿ ಬೇಗ ತಳಕ್ಕಿಳಿಯುವ ಯೀಸ್ಟ್ ಕೋಶಗಳನ್ನೇ ದಿನದಿನವೂ ಆರಿಸಿ ಬೆಳೆಸಿದಾಗ, ಸುಮಾರು 60 ದಿನಗಳಲ್ಲಿ ತಾಯಿಕೋಶದಿಂದ ಮರಿಕೋಶವು ಬೇರೆಯಾಗದೆ ಗೊಂಚಲುಗಟ್ಟುವ ತಳಿಗಳು ತಲೆದೋರಿದುವು. ಬೇರೆಯಾಗದಿರುವುದೆಂಬ ಒಂದು ಸಣ್ಣ ಮಾರ್ಪಾಡಿನಿಂದಲೇ ಗೊಂಚಲಿನ ರೂಪವು ದೊರೆಯಿತು.

ಈ ವಿಷಯದಲ್ಲಿ ನಮಗೆ ನೆರೆಯಾದ ಬೆಂಗಳೂರಿನಲ್ಲಿಯೂ ಗಣ್ಯವಾದ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿದ್ಯಾನಂದ ನಂಜುಂಡಯ್ಯನವರು ಡಿಕ್ಟಿಯೋಸ್ಟೀಲಿಯಮ್ ಎಂಬ ಮಣ್ಣಿನ ಅಮೀಬಾಗಳನ್ನು ದಶಕಗಳ ಕಾಲ ಅಭ್ಯಾಸಮಾಡಿದರು. ಆಹಾರವಿರುವಾಗ ಇವು ಒಂಟಿಯಾಗಿ ತಿರುಗುತ್ತವೆ. ಹಸಿವಾದಾಗ ಸಾವಿರಗಟ್ಟಲೆ ಕೂಡಿ, ಒಂದಕ್ಕೊಂದು ಅಂಟಿ, ಗೊಂಡೆಹುಳುವಿನಂತೆ ಹರಿದು, ಕೊನೆಗೆ ಕಾಂಡವೂ ಬೀಜಕಗಳ ಗುಂಡೂ ಆಗಿ ನಿಲ್ಲುತ್ತವೆ. ಕಾಂಡವಾದ ಕೋಶಗಳು ಸಾಯುತ್ತವೆ, ಬೀಜಕಗಳು ಉಳಿಯುತ್ತವೆ. ಸುಮಾರು 54 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಯುಗದಲ್ಲಿ, ಪ್ರಾಣಿಗಳ ಮುಖ್ಯ ದೇಹರೂಪಗಳಲ್ಲಿ ಅನೇಕವು ಶಿಲೆಗಳಲ್ಲಿ ಕಾಣತೊಡಗುತ್ತವೆ. ಅಂಟು, ಪದರ, ಮಡಿಕೆ, ಪೊಳ್ಳು ಎಂಬ ಭೌತಿಕ ಪರಿಣಾಮಗಳು ಹಳೆಯ ಪ್ರೋಟೀನುಗಳೊಡನೆ ಸೇರಿದುದರಿಂದ ಆ ರೂಪಗಳಿಗೆ ದಾರಿಯಾಯಿತೆಂದು ಸ್ಟೂವರ್ಟ್ ನ್ಯೂಮನ್ ಅವರೂ, ಮುಂದೆ ಬೆಂಗಳೂರಿನ ಅದೇ ಸಂಸ್ಥೆಯನ್ನು ಸೇರಿದ ರಾಮ್‌ರಾಯ್ ಭಟ್ಟರೂ 2008ರಲ್ಲಿ ಪ್ರತಿಪಾದಿಸಿದರು. ಈ ವಾದದ ಬಲಾಬಲಗಳನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆಯುಂಟು. ಇದರಿಂದ ಡಾರ್ವಿನ್ನರ ಸಿದ್ಧಾಂತವು ಬಿದ್ದುಹೋಯಿತೆಂದು ಯಾರೂ ತಿಳಿಯಬಾರದು. ಆರಿಸುವುದು ಪ್ರಕೃತಿಯೇ, ಆರಿಸುವುದಕ್ಕೆ ಮುಂದಿಟ್ಟ ವಸ್ತುಗಳಲ್ಲಿ ದ್ರವ್ಯದ ಪಾಲುಂಟೆಂಬುದಷ್ಟೇ ಇಲ್ಲಿಯ ತಾತ್ಪರ್ಯ.

ನಮ್ಮ ನೀರು, ನಮ್ಮ ಮಕ್ಕಳ ಮೂಳೆ

ಅಂಗಾಂಶದ ಗುಣವು ಕೆಟ್ಟರೆ ದೇಹದ ಆಕಾರವೂ ಕೆಡುವುದೆಂಬುದಕ್ಕೆ ಸಾಕ್ಷಿಯು ದುರ್ದೈವದಿಂದ ನಮ್ಮ ಪ್ರಾಂತದಲ್ಲಿಯೇ ಉಂಟು. ರಾಯದುರ್ಗವಿರುವ ಅನಂತಪುರ ಜಿಲ್ಲೆಯಲ್ಲಿಯೂ, 2022ರಲ್ಲಿ ಅದರಿಂದ ಬೇರೆಯಾಗಿ ಮಡಕಶಿರವನ್ನೊಳಗೊಂಡ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿಯೂ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಮಿನೊಳಗಿರುವುದು ಮೇಲು. ಬೇರೆ ನೀರು ದೊರೆಯದಿದ್ದಾಗಲೂ 1.5 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕವು ವಿಧಿಸಿದೆ. ನಮ್ಮ ದೇಶದಲ್ಲಿ ಇದರಿಂದಾಗುವ ಮೂಳೆರೋಗವನ್ನು ವೈದ್ಯರು ಮೊದಲು ವಿವರಿಸಿದುದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ.

ಫ್ಲೋರೈಡು ಮೂಳೆಯ ಹರಳುಗಳೊಳಗೆ ಸೇರಿ ಅದರ ದ್ರವ್ಯಗುಣವನ್ನೇ ಬದಲಾಯಿಸುತ್ತದೆ. ಮೂಳೆಯು ದಟ್ಟವಾಗಿ ಕಂಡರೂ ಪೆಡಸಾಗಿ ಮುರಿಯುವ ಸ್ವಭಾವದ್ದಾಗುತ್ತದೆ. ಎಳೆಯಬೇಕಾದ ಕೀಲುಬಂಧಗಳು ಸುಣ್ಣಗಟ್ಟಿ ಬಿಗಿಯುವುದರಿಂದ ಬೆನ್ನು ಬಾಗಿ, ಕತ್ತು ತಿರುಗದಂತಾಗುವುದು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಅಪಾಯವು ಹೆಚ್ಚು. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಇಂತಹ ನೀರನ್ನು ಕುಡಿದ ಮಗುವಿನ ಹಲ್ಲಿನ ಹೊಳಪುಪದರವು ಸಣ್ಣ ರಂಧ್ರಗಳಿಂದ ಕೂಡಿ, ಬಿಳಿಯ ಅಥವಾ ಕಂದು ಕಲೆಗಳನ್ನು ತಾಳುವುದು. ಉಜ್ಜಿದರೆ ಆ ಕಲೆ ಹೋಗದು. ಅಂತಹ ಮಗುವನ್ನು ಹಲ್ಲುಜ್ಜದವನೆಂದು ಹಾಸ್ಯಮಾಡುವುದು ಅನ್ಯಾಯ. ಆ ಕಲೆಯು ಮಗುವಿನ ದೋಷವಲ್ಲ, ನೀರಿನ ದೋಷ.

ಪೋಷಕರು ಗಮನಿಸತಕ್ಕ ಸಂಗತಿಗಳು ಕೆಲವುಂಟು. ಕುದಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣವು ಹೆಚ್ಚುವುದು. ಕೊಳವೆಬಾವಿಯ ನೀರನ್ನು ಕುಡಿಯುವ ಮನೆಯವರು ಅದನ್ನು ಪರೀಕ್ಷೆ ಮಾಡಿಸುವುದು ಅವಶ್ಯ. ಪಟಿಕ ಮತ್ತು ಸುಣ್ಣವನ್ನು ತಕ್ಕ ಪ್ರಮಾಣದಲ್ಲಿ ಬೆರಸಿ ಫ್ಲೋರೈಡನ್ನು ಕಡಮೆಮಾಡುವ ನಲ್ಗೊಂಡ ವಿಧಾನವನ್ನು ನಾಗಪುರದ ಪರಿಸರ ಸಂಶೋಧನಾಲಯವು ರೂಪಿಸಿತು. ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯು 1995ರಲ್ಲಿ ಆರಂಭವಾಗಿ ಅಂದಿನ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಗ್ರಾಮಗಳಿಗೆ ನೀರನ್ನು ಒದಗಿಸಿತು. ಶುದ್ಧವಾಗಿ ಹಿಡಿದಿಟ್ಟ ಮಳೆಯ ನೀರು ಅಂತರ್ಜಲಕ್ಕಿಂತ ಈ ದೃಷ್ಟಿಯಿಂದ ಉತ್ತಮ. ಸುಣ್ಣದ ಸತ್ವವುಳ್ಳ ರಾಗಿ, ಹಾಲು, ಮೊಸರು, ಸೊಪ್ಪುಗಳು ಮಕ್ಕಳ ಆಹಾರದಲ್ಲಿ ತಪ್ಪದೆ ಇರಬೇಕು. ಸತ್ವಹೀನವಾದ ಆಹಾರವುಳ್ಳ ಮಕ್ಕಳಿಗೆ ಫ್ಲೋರೈಡಿನ ಬಾಧೆಯು ಹೆಚ್ಚೆಂದು ವೈದ್ಯರು ಕಂಡಿದ್ದಾರೆ.

ವಂಶವಾಹಿಗಳನ್ನು ಬದಲಾಯಿಸುವ ಶಕ್ತಿಯು ನಮಗಿಲ್ಲ. ಆದರೆ ಅಂಗಾಂಶಗಳಿಗೆ ದೊರೆಯುವ ನೀರು, ಆಹಾರ, ಚಲನೆಗಳು ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಓಡುವ, ಜಿಗಿಯುವ ಮಗುವಿನ ಮೂಳೆಯು ಆ ಭಾರಕ್ಕೆ ತಕ್ಕಂತೆ ಬಲಗೊಳ್ಳುವುದು. ಆದುದರಿಂದ ಆಟದ ಬಯಲಿನಲ್ಲಿ ಕಳೆದ ಹೊತ್ತು ವ್ಯರ್ಥವಲ್ಲ. ವಿದ್ಯಾರ್ಥಿಗಳು ಎಣ್ಣೆನೀರಿನ ಪ್ರಯೋಗವನ್ನೂ ಇಲಾಸ್ಟಿಕ್ ಪಟ್ಟಿಯ ಪ್ರಯೋಗವನ್ನೂ ಮನೆಯಲ್ಲಿ ಮಾಡಿ ನೋಡಲಿ. ದಪ್ಪ ಬಟ್ಟೆ, ತೆಳು ಬಟ್ಟೆಗಳೆರಡರಲ್ಲಿಯೂ ನಿರಿಗೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಲಿ. ಪೋಷಕರು ತಮ್ಮ ಊರಿನ ನೀರಿನ ಪರೀಕ್ಷೆಯನ್ನು ಮಾಡಿಸಿ, ಅದರ ಫಲವನ್ನು ಎಲ್ಲರಿಗೂ ತಿಳಿಯುವಂತೆ ಮಾಡಲಿ. ಕುಂಬಾರನು ಮೊದಲು ಮಣ್ಣನ್ನು ಹದಮಾಡಿಕೊಂಡು ಆಮೇಲೆ ತಿಗರಿಯ ಮುಂದೆ ಕೂರುವನೆಂಬುದನ್ನು ನಾವೆಲ್ಲರೂ ನೆನಪಿನಲ್ಲಿಡಬೇಕು.